ಹೈಡ್ರೋಫಾಯಿಲ್ ರೆಕ್ಕೆಯ ಮೈ ಹದಗೊಳಿಸುವ ವಿಧಾನ: ಎಲ್ಲಿ ನಯ ಬೇಕು, ಎಷ್ಟು ನಯ ಸಾಕು

ನೀರಿನೊಳಗಿನ ರೆಕ್ಕೆಯ ಬಲದಿಂದ ನೀರಿನ ಮೇಲೆದ್ದು ಸಾಗುವ ಹೈಡ್ರೋಫಾಯಿಲ್ ಬೋರ್ಡು ಬಳಸುವವರಲ್ಲಿ ಒಂದು ಚರ್ಚೆ ಎಂದೂ ಮುಗಿಯುವುದಿಲ್ಲ. ನೀರಿನೊಳಗೆ ಸಾಗುವ ರೆಕ್ಕೆಯ ಮೈ ಥಳಥಳ ಹೊಳೆಯುತ್ತಿರಬೇಕೆ ಅಥವಾ ಅದನ್ನು ಉಜ್ಜಿ ಮಂದವಾಗಿಸಬೇಕೆ ಎಂಬುದು ಆ ಚರ್ಚೆ. ಎರಡೂ ಪಕ್ಷದವರು ತಮ್ಮ ಅನುಭವವನ್ನೇ ಸಾಕ್ಷಿಯಾಗಿ ಮುಂದಿಡುತ್ತಾರೆ. ಆದರೆ ಹೊಳಪು ಎನ್ನುವುದು ಬೆಳಕಿಗೆ ಸಂಬಂಧಿಸಿದ ಗುಣ, ನೀರಿಗೆ ಅದರಿಂದ ಆಗಬೇಕಾದದ್ದು ಏನೂ ಇಲ್ಲ. ನೀರಿನ ಹರಿವು ಬದಲಾಗುವುದು ಮೈಮೇಲಿನ ಉಬ್ಬು ಎಷ್ಟು ಎತ್ತರವಿದೆ, ಅದು ರೆಕ್ಕೆಯ ಯಾವ ಭಾಗದಲ್ಲಿದೆ ಮತ್ತು ರೆಕ್ಕೆಯ ಮೂಲ ಆಕಾರ ಕೆಟ್ಟಿದೆಯೇ ಎಂಬ ಸಂಗತಿಗಳಿಂದ. ಆದ್ದರಿಂದ ಕೆಲಸದ ಕ್ರಮವೂ ಹಾಗೆಯೇ ಇರಬೇಕು: ಮೊದಲು ಆಕಾರ, ಆಮೇಲೆ ಮುಂದಿನ ಅಂಚಿನ ಗಾಯಗಳು, ಅನಂತರ ಒಟ್ಟಾರೆ ನಯ. ಹೊಳಪಿಗೆ ಸಮಯ ಉಳಿದರೆ ಉಳಿಯಲಿ, ಉಳಿಯದಿದ್ದರೆ ನಷ್ಟವಿಲ್ಲ.

ವಿಂಗ್ ಫಾಯಿಲ್, ಕೈಟ್ ಫಾಯಿಲ್, ವಿಂಡ್‌ಸರ್ಫ್ ಫಾಯಿಲ್ ಮತ್ತು ಅಲೆಗಳ ಮೇಲೆ ಬಳಸುವ ಸರ್ಫ್ ಫಾಯಿಲ್‌ಗಳ ರೆಕ್ಕೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಬರಹವನ್ನು ಬರೆಯಲಾಗಿದೆ. ಕಾರ್ಬನ್ ನಾರು ಮತ್ತು ಎಪಾಕ್ಸಿಯಿಂದ ಮಾಡಿದ ರೆಕ್ಕೆಗಳೇ ಇಂದು ಹೆಚ್ಚು, ಹಾಗಾಗಿ ವಿಧಾನವೂ ಮುಖ್ಯವಾಗಿ ಅವುಗಳಿಗೇ ಅನ್ವಯಿಸುತ್ತದೆ. ಅಲ್ಯೂಮಿನಿಯಂ ಭಾಗಗಳ ವಿಚಾರ ಬೇರೆ, ಅದು ಮುಂದೆ ಬರುತ್ತದೆ.

ಮೊದಲು ಲೆಕ್ಕ

ಮೈಯ ನಯಕ್ಕೆ ಏಕೆ ಬೆಲೆ ಎಂದು ತಿಳಿಯದೆ ಉಜ್ಜಲು ಕೂತರೆ ಎಲ್ಲಿ ನಿಲ್ಲಿಸಬೇಕೆಂಬುದು ತಿಳಿಯುವುದಿಲ್ಲ. ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ 1904ರಲ್ಲಿ ಮುಂದಿಟ್ಟ ವಿಚಾರವೇ ಇಲ್ಲಿ ಆಧಾರ. ಹರಿಯುವ ನೀರು ಗಟ್ಟಿ ಮೈಗೆ ತಾಗಿದ ಕಡೆ ಮೈಗೆ ಅಂಟಿಕೊಂಡೇ ಇರುತ್ತದೆ. ಅಲ್ಲಿಂದ ಹೊರಕ್ಕೆ ಹೋದಂತೆ ವೇಗ ಹೆಚ್ಚುತ್ತ ಹೋಗಿ, ಒಂದು ತೆಳುವಾದ ಪದರದೊಳಗೇ ಪೂರ್ಣ ವೇಗವನ್ನು ಮುಟ್ಟುತ್ತದೆ. ಇದನ್ನು ಗಡಿಪದರ ಎನ್ನೋಣ. ಸೆಕೆಂಡಿಗೆ 6 ಮೀಟರ್, ಅಂದರೆ ಗಂಟೆಗೆ 21.6 ಕಿ.ಮೀ. ವೇಗದಲ್ಲಿ ಸಾಗುವ ರೆಕ್ಕೆಯಲ್ಲಿ, ಮುಂದಿನ ಅಂಚಿನಿಂದ ಒಂದು ಸೆಂ.ಮೀ. ಹಿಂದೆ ಈ ಪದರದ ದಪ್ಪ ಸುಮಾರು 0.2 ಮಿ.ಮೀ. ಮಾತ್ರ. ಹತ್ತು ಸೆಂ.ಮೀ. ಹಿಂದೆ ಹೋದರೂ, ಹರಿವು ಕದಡದೆ ಉಳಿದಿದ್ದರೆ, ಅದು 0.6 ಮಿ.ಮೀ. ಆಸುಪಾಸಿನಲ್ಲೇ ಇರುತ್ತದೆ. ಅಂಚಿನ ಬಳಿ ಅಂಟಿಕೊಂಡ ಒಂದು ಮರಳಿನ ಕಣ ಈ ಪದರದಷ್ಟೇ ಎತ್ತರ ನಿಲ್ಲಬಲ್ಲದು.

ಗಡಿಪದರದಲ್ಲಿ ನೀರು ಎರಡು ರೀತಿ ಹರಿಯಬಹುದು. ಒಂದು, ಪದರದ ಮೇಲೆ ಪದರ ಜಾರುತ್ತ ಸಾಗುವ ಶಾಂತ ಹರಿವು. ಇನ್ನೊಂದು, ಸಣ್ಣ ಸುಳಿಗಳಿಂದ ತುಂಬಿದ ಪ್ರಕ್ಷುಬ್ಧ ಹರಿವು. ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ 12 ಸೆಂ.ಮೀ. ಅಗಲದ ರೆಕ್ಕೆ ಮೇಲೆ ಹೇಳಿದ ವೇಗದಲ್ಲಿ ಸಾಗುವಾಗ ರೆನಾಲ್ಡ್ಸ್ ಸಂಖ್ಯೆ (ಹರಿವು ಕದಡುವ ಸಾಧ್ಯತೆಯನ್ನು ಸೂಚಿಸುವ ಸಂಖ್ಯೆ) ಸುಮಾರು 8 ಲಕ್ಷ. ಸಪಾಟು ಹಲಗೆಯ ಪ್ರಸಿದ್ಧ ಸೂತ್ರಗಳನ್ನು ಇದಕ್ಕೆ ಹಚ್ಚಿದರೆ, ಪೂರ್ತಿ ಶಾಂತ ಹರಿವಿನಲ್ಲಿ ಘರ್ಷಣೆಯ ಗುಣಾಂಕ 0.0015 ಬರುತ್ತದೆ, ಪೂರ್ತಿ ಪ್ರಕ್ಷುಬ್ಧ ಹರಿವಿನಲ್ಲಿ 0.0049 ಬರುತ್ತದೆ. ಮೂರು ಪಟ್ಟಿಗಿಂತ ಹೆಚ್ಚಿನ ವ್ಯತ್ಯಾಸ ಇದು. ನಿಜವಾದ ರೆಕ್ಕೆಯ ಮೇಲೆ ಮುಂಭಾಗದಲ್ಲಿ ಶಾಂತವಾಗಿ ಹರಿದ ನೀರು ಎಲ್ಲೋ ಒಂದು ಕಡೆ ಕದಡುತ್ತದೆ. ಆ ಜಾಗವನ್ನು ಆದಷ್ಟು ಹಿಂದಕ್ಕೆ ತಳ್ಳುವುದೇ ಮೈ ಹದಗೊಳಿಸುವ ಕೆಲಸದ ಮುಖ್ಯ ಲಾಭ. ಅಲೆ, ಗುಳ್ಳೆ, ತೇಲುವ ಕಸ ಎಲ್ಲವೂ ಇರುವ ಸಮುದ್ರದಲ್ಲಿ ಪ್ರಯೋಗಾಲಯದಷ್ಟು ಶಾಂತ ಹರಿವು ಸಿಗದು ಎಂಬುದು ನಿಜ. ಆದರೆ ಸಿಗುವಷ್ಟನ್ನೂ ನಮ್ಮ ಕೈಯಾರೆ ಕಳೆದುಕೊಳ್ಳಬೇಕಾಗಿಲ್ಲ.

ಇಲ್ಲಿ ಎರಡು ಬೇರೆ ಬೇರೆ ಮಿತಿಗಳಿವೆ, ಅವನ್ನು ಕಲಸಿಕೊಳ್ಳುವುದರಿಂದಲೇ ಅರ್ಧದಷ್ಟು ವಾದಗಳು ಹುಟ್ಟುತ್ತವೆ. ಮೊದಲನೆಯದು, ಶಾಂತ ಹರಿವನ್ನು ಒಂಟಿ ಉಬ್ಬೊಂದು ಕೆಡಿಸುವ ಎತ್ತರ. ಮುಂದಿನ ಅಂಚಿನ ಹತ್ತಿರ, ಸೆಕೆಂಡಿಗೆ 6 ಮೀಟರ್ ವೇಗದಲ್ಲಿ, ಇದು ಸುಮಾರು 0.1 ಮಿ.ಮೀ. ಅದಕ್ಕಿಂತ ಎತ್ತರದ ಉಬ್ಬಿನ ಹಿಂದೆ ಕದಡಿದ ನೀರು ಎರಡೂ ಬದಿಗೆ ಸುಮಾರು 10 ಡಿಗ್ರಿಯಂತೆ ಬೆಣೆಯಾಕಾರದಲ್ಲಿ ಹರಡುತ್ತ ಹಿಂದಿನ ಅಂಚಿನವರೆಗೂ ಹೋಗುತ್ತದೆ. ಹೀಗಾಗಿ ಅಂಚಿನ ಮೇಲೆ ಎರಡೆರಡು ಸೆಂ.ಮೀ. ಅಂತರದಲ್ಲಿ ಬಿದ್ದ ಕೆಲವೇ ಗಾಯಗಳು ಸೇರಿ ಆ ಭಾಗದ ಹಿಂದಿನ ಬಹುಪಾಲು ಮೈಯನ್ನು ಕೆಡಿಸಬಲ್ಲವು. ಎರಡನೆಯದು, ನೀರು ಹೇಗೂ ಕದಡಿರುವ ಭಾಗದಲ್ಲಿ ಒಟ್ಟಾರೆ ಒರಟುತನ ಎಷ್ಟಿದ್ದರೆ ಘರ್ಷಣೆ ಹೆಚ್ಚುವುದಿಲ್ಲ ಎಂಬ ಮಿತಿ. ಇದಕ್ಕೆ ಸರಳ ಸೂತ್ರವೊಂದಿದೆ: ನೀರಿನ ಚಲನಸ್ನಿಗ್ಧತೆಯ (ಸ್ನಿಗ್ಧತೆ, ಅಂದರೆ ಅಂಟುತನವನ್ನು ಸಾಂದ್ರತೆಯಿಂದ ಭಾಗಿಸಿದ್ದು) ನೂರು ಪಟ್ಟನ್ನು ವೇಗದಿಂದ ಭಾಗಿಸಬೇಕು. ಯೋಹಾನ್ ನಿಕುರಾಡ್ಸೆ 1933ರಲ್ಲಿ ಪ್ರಕಟಿಸಿದ, ಮರಳು ಅಂಟಿಸಿದ ಕೊಳವೆಗಳ ಪ್ರಯೋಗಗಳು ಇಂತಹ ಮಿತಿಗಳಿಗೆಲ್ಲ ಮೂಲ. ಬೆಚ್ಚಗಿನ ಸಮುದ್ರದ ನೀರಿನಲ್ಲಿ ಸೆಕೆಂಡಿಗೆ 6 ಮೀಟರ್ ವೇಗಕ್ಕೆ ಇದು ಸುಮಾರು 15 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದ ಒಂದು ಪಾಲು) ಬರುತ್ತದೆ, 10 ಮೀಟರ್ ವೇಗಕ್ಕೆ 9 ಮೈಕ್ರಾನ್, 15 ಮೀಟರ್ ವೇಗಕ್ಕೆ 6 ಮೈಕ್ರಾನ್. ಅದಕ್ಕಿಂತ ನಯಗೊಳಿಸಿದರೆ ಆ ವೇಗದಲ್ಲಿ ಹೆಚ್ಚಿನ ಲಾಭವಿಲ್ಲ.

ನಮ್ಮ ಕರಾವಳಿಯವರು ಗಮನಿಸಬೇಕಾದ ಅಂಶವೊಂದಿದೆ. 15 ಡಿಗ್ರಿ ಸೆಲ್ಸಿಯಸ್‌ನ ಸಮುದ್ರದ ನೀರಿಗಿಂತ ಮೂಲ್ಕಿ, ಸಸಿಹಿತ್ಲು ಕಡೆಯ 28 ಡಿಗ್ರಿ ಆಸುಪಾಸಿನ ನೀರಿನ ಸ್ನಿಗ್ಧತೆ ಕಾಲು ಭಾಗದಷ್ಟು ಕಡಿಮೆ. ಆದ್ದರಿಂದ ಒಪ್ಪಬಹುದಾದ ಒರಟುತನದ ಮಿತಿಯೂ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ತಣ್ಣೀರಿನ ದೇಶದವರು ಒಂದು ಹಂತ ಮುಂಚೆ ಉಜ್ಜುವುದನ್ನು ನಿಲ್ಲಿಸಿದರೆ, ಇಲ್ಲಿ ಇನ್ನೊಂದು ಹಂತ ಮುಂದೆ ಹೋಗುವುದರಲ್ಲಿ ಅರ್ಥವಿದೆ.

ಇಷ್ಟೆಲ್ಲ ಮಾಡಿದರೆ ಸಿಗುವುದೇನು ಎಂಬುದಕ್ಕೆ ಒಂದು ಉದಾಹರಣೆ. ಸವಾರ ಮತ್ತು ಸಲಕರಣೆ ಸೇರಿ 100 ಕಿಲೋ, ರೆಕ್ಕೆಯ ವಿಸ್ತೀರ್ಣ 1,200 ಚದರ ಸೆಂ.ಮೀ., ವೇಗ ಸೆಕೆಂಡಿಗೆ 6 ಮೀಟರ್ ಎಂದಿಟ್ಟುಕೊಳ್ಳೋಣ. ಕೆಟ್ಟ ಮೈಯಿಂದ ರೆಕ್ಕೆಯ ಎಳೆತದ ಗುಣಾಂಕ 0.007ರಿಂದ 0.010ಕ್ಕೆ ಏರಿತು ಎಂದಾದರೆ, ಹೆಚ್ಚುವರಿ ಎಳೆತ ಸುಮಾರು 6.6 ನ್ಯೂಟನ್, ಅದನ್ನು ಮೀರಿ ಸಾಗಲು ಬೇಕಾದ ಶಕ್ತಿ ಸುಮಾರು 40 ವ್ಯಾಟ್. ಗಾಳಿ ಜೋರಾಗಿದ್ದಾಗ 40 ವ್ಯಾಟ್ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಗಾಳಿಯ ನೆರವಿಲ್ಲದೆ ಕಾಲಿನಿಂದ ಬೋರ್ಡನ್ನು ಒತ್ತಿ ಒತ್ತಿ ಮುಂದೆ ಸಾಗುವವರಿಗೆ ಅದು ಇನ್ನೊಂದು ಅಲೆಯನ್ನು ತಲುಪುವುದಕ್ಕೂ ಅಲ್ಲೇ ಮುಳುಗುವುದಕ್ಕೂ ಇರುವ ಅಂತರ. ಓಟದ ಸ್ಪರ್ಧೆಯಲ್ಲಿರುವವರಿಗೆ ಇದರ ಬೆಲೆಯನ್ನು ಹೇಳಬೇಕಾಗಿಲ್ಲ. 2,000 ಚದರ ಸೆಂ.ಮೀ. ರೆಕ್ಕೆಯ ಮೇಲೆ ನಿಧಾನವಾಗಿ ಕಲಿಯುತ್ತಿರುವವರಲ್ಲಿ ಎಳೆತದ ದೊಡ್ಡ ಪಾಲು ಎತ್ತುಬಲದಿಂದಲೇ ಹುಟ್ಟುವಂಥದ್ದು, ಆದ್ದರಿಂದ ಅವರು ನಯದ ಬಗ್ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಆದರೂ ಮುಂದಿನ ಅಂಚಿನ ವಿಷಯದಲ್ಲಿ ಅವರಿಗೂ ವಿನಾಯಿತಿಯಿಲ್ಲ. ನಾಸಾ ಹುಟ್ಟುವ ಮೊದಲು ಅಮೆರಿಕದಲ್ಲಿದ್ದ ಎನ್‌ಎಸಿಎ ಸಂಸ್ಥೆ 1940ರ ದಶಕದಲ್ಲಿ ವಿಮಾನದ ರೆಕ್ಕೆಯ ಮಾದರಿಗಳನ್ನು ಎರಡು ಬಗೆಯಲ್ಲಿ ಪರೀಕ್ಷಿಸಿತು: ಒಮ್ಮೆ ನಯವಾದ ಮೈಯೊಂದಿಗೆ, ಇನ್ನೊಮ್ಮೆ ಮುಂದಿನ ಅಂಚಿನ ಸುತ್ತ ಸುಮಾರು 0.28 ಮಿ.ಮೀ. ಕಣಗಳನ್ನು ಅಂಟಿಸಿ. ಮಾದರಿಯ ಅಗಲ 61 ಸೆಂ.ಮೀ. ಇದ್ದು, ಕಣಗಳಿದ್ದದ್ದು ಮೊದಲ ಶೇ. 8ರಷ್ಟು ಭಾಗದಲ್ಲಿ ಮಾತ್ರ. ಆದರೂ ಶಾಂತ ಹರಿವಿಗಾಗಿ ರೂಪಿಸಿದ ಆಕಾರಗಳ ಕನಿಷ್ಠ ಎಳೆತ ಸುಮಾರು ಎರಡು ಪಟ್ಟಾಯಿತು, ಗರಿಷ್ಠ ಎತ್ತುಬಲವೂ ಕುಗ್ಗಿತು. ಎತ್ತುಬಲ ಕುಗ್ಗಿದ ರೆಕ್ಕೆ ಬೋರ್ಡನ್ನು ನೀರಿನಿಂದ ಮೇಲೆತ್ತಲು ಹೆಚ್ಚು ವೇಗ ಕೇಳುತ್ತದೆ. ಕಲಿಯುವವರು ಒದ್ದಾಡುವುದು ಅಲ್ಲಿಯೇ.

ನಂಬಿಕೆಗಳ ಬಗ್ಗೆ ಒಂದೆರಡು ಮಾತು

ಮಂದವಾಗಿ ಉಜ್ಜಿದ ಮೈ ತನ್ನ ಮೇಲೆ ನೀರಿನ ತೆಳು ಪೊರೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ನೀರಿನ ಮೇಲೆ ನೀರು ಜಾರುವುದರಿಂದ ವೇಗ ಹೆಚ್ಚುತ್ತದೆ ಎಂಬ ಮಾತು ಬಹಳ ಹಳೆಯದು. ನೀರು ಎಲ್ಲ ಗಟ್ಟಿ ಮೈಗಳಿಗೂ ಅಂಟಿಕೊಂಡೇ ಹರಿಯುತ್ತದೆ, ಮೈ ಹೊಳೆಯುತ್ತಿರಲಿ, ಮಂದವಾಗಿರಲಿ. ಉಜ್ಜಿದ ಮೇಲೆ ರೆಕ್ಕೆ ಉತ್ತಮವಾಯಿತು ಎಂದರೆ, ಉಜ್ಜುವಾಗ ಉಬ್ಬುಗಳೂ ಬಣ್ಣದ ಏರಿಳಿತಗಳೂ ಹೋದವು ಎಂದೇ ಅರ್ಥ.

ಇದಕ್ಕೆ ತದ್ವಿರುದ್ಧವಾದದ್ದು ಮೇಣದ ನಂಬಿಕೆ. ಕಾರಿನ ಮೇಣ ಬಳಿದ ಮೈಮೇಲೆ ನೀರು ಹನಿಹನಿಯಾಗಿ ಉರುಳುವುದನ್ನು ಕಂಡು, ನೀರಿನೊಳಗೂ ಹಾಗೆಯೇ ಜಾರುತ್ತದೆ ಎಂದು ಭಾವಿಸುವುದು ತಪ್ಪು. ಹನಿಯಾಗುವುದಕ್ಕೆ ಗಾಳಿಯೂ ಇರಬೇಕು, ಪೂರ್ತಿ ಮುಳುಗಿದ ರೆಕ್ಕೆಯ ಸುತ್ತ ಗಾಳಿ ಇಲ್ಲ. ಮೇಣ ಅಸಮವಾಗಿ ಕೂತರೆ ಕಸ ಹಿಡಿಯುತ್ತದೆ, ಮುಂದೆ ಗಾಯ ತುಂಬಬೇಕಾದಾಗ ಎಪಾಕ್ಸಿ ಹಿಡಿಯದಂತೆಯೂ ಮಾಡುತ್ತದೆ. ನನ್ನ ಮಟ್ಟಿಗೆ ಮೇಣದ ಡಬ್ಬಿ ಕಾರಿನ ಬಳಿಯೇ ಇರಲಿ.

ಮೂರನೆಯ ಮಾತಿನಲ್ಲಿ ಸತ್ಯಾಂಶವಿದೆ. ಹರಿವಿನ ದಿಕ್ಕಿನಲ್ಲೇ ಸಾಗುವ ಅತಿ ಸಣ್ಣ, ಕ್ರಮಬದ್ಧ ಏಣುಗಳು ಪ್ರಕ್ಷುಬ್ಧ ಹರಿವಿನ ಘರ್ಷಣೆಯನ್ನು ಪ್ರಯೋಗಾಲಯದಲ್ಲಿ ಶೇ. 8ರವರೆಗೂ ತಗ್ಗಿಸಿವೆ. ಶಾರ್ಕ್ ಮೀನಿನ ಚರ್ಮದಿಂದ ಪ್ರೇರಣೆ ಪಡೆದ ಇಂತಹ ಏಣುಗಳ ಹಾಳೆಯನ್ನು 1987ರಲ್ಲಿ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ನಲ್ಲಿ ನಡೆದ ಅಮೆರಿಕಾಸ್ ಕಪ್ ಗೆದ್ದ ಸ್ಟಾರ್ಸ್ ಆ್ಯಂಡ್ ಸ್ಟ್ರೈಪ್ಸ್ ದೋಣಿಯ ತಳಕ್ಕೆ ಅಂಟಿಸಲಾಗಿತ್ತು. ಆದರೆ ಆ ಏಣುಗಳ ಅಳತೆ ವೇಗಕ್ಕೆ ತಕ್ಕಂತೆ ನಿಖರವಾಗಿರಬೇಕು. ಎಮರಿ ಕಾಗದದಿಂದ ಬಿದ್ದ ಗೀರುಗಳು ಆ ಕೆಲಸ ಮಾಡುವುದಿಲ್ಲ. ಗಡಿಪದರದ ಹರಿವನ್ನು ಸುಧಾರಿಸಲೆಂದೇ ರೂಪಿಸಿದ ವಿಶೇಷ ಮೈರಚನೆಗಳನ್ನು ಈಗಿನ ಹಾಯಿ ಸ್ಪರ್ಧೆಯ ನಿಯಮಗಳು ನಿಷೇಧಿಸಿವೆ.

ಪರೀಕ್ಷಿಸುವುದು

ರೆಕ್ಕೆಯನ್ನು ಬಿಚ್ಚಿ, ಸಿಹಿನೀರು ಮತ್ತು ಪಾತ್ರೆ ತೊಳೆಯುವ ಸೋಪಿನ ದ್ರವದಿಂದ ತೊಳೆದು, ಮೆತ್ತನೆಯ ಬಟ್ಟೆಯ ಮೇಲೆ ಇರಿಸಿ. ಅರ್ಧಕ್ಕರ್ಧ ಒರಟುತನ ಇಲ್ಲಿಯೇ ಹೋಗಿಬಿಡುವುದುಂಟು, ಏಕೆಂದರೆ ಒಣಗಿದ ಉಪ್ಪು, ಪಾಚಿಯ ಪೊರೆ ಮತ್ತು ಸನ್‌ಸ್ಕ್ರೀನ್‌ಗೆ ಅಂಟಿದ ಮರಳು ಸೇರಿ ಮೈಮೇಲೆ ಕಣ್ಣಿಗೆ ಕಾಣದ ಒರಟು ಪದರವನ್ನು ಕಟ್ಟಿರುತ್ತವೆ.

ಬಳಿಕ ಮುಂದಿನ ಅಂಚಿನ ಉದ್ದಕ್ಕೂ ಹೆಬ್ಬೆರಳಿನ ಉಗುರನ್ನು ಎರಡೂ ದಿಕ್ಕಿನಲ್ಲಿ ಹಗುರವಾಗಿ ಎಳೆಯಿರಿ. ಉಗುರು ತಡೆದು ನಿಂತ ಜಾಗಕ್ಕೆಲ್ಲ ಮಾಸ್ಕಿಂಗ್ ಟೇಪಿನ ತುಣುಕು ಅಂಟಿಸಿ ಗುರುತು ಮಾಡಿ. ಶಾಂಭವಿ ಮತ್ತು ನಂದಿನಿ ನದಿಗಳು ಸಮುದ್ರ ಸೇರುವ ಸಸಿಹಿತ್ಲಿನಂತಹ ಅಳಿವೆಗಳಲ್ಲಿ ಮರಳದಿಣ್ಣೆಗಳು ಜಾಗ ಬದಲಿಸುತ್ತಿರುತ್ತವೆ. ಅಂತಹ ಕಡೆ ಆಡಿದ ರೆಕ್ಕೆಗಳಲ್ಲಿ ಹೆಚ್ಚಿನ ಗಾಯಗಳು ತುದಿಗಳಲ್ಲಿಯೇ ಇರುತ್ತವೆ.

ಆಕಾರದ ಪರೀಕ್ಷೆಗೆ ಟ್ಯೂಬ್‌ಲೈಟ್ ಸಾಕು. ರೆಕ್ಕೆಯನ್ನು ಅದರ ಕೆಳಗೆ ಹಿಡಿದು, ದೀಪದ ಬಿಂಬ ರೆಕ್ಕೆಯ ಉದ್ದಕ್ಕೂ ಒಂದು ಗೆರೆಯಾಗಿ ಕಾಣುವಂತೆ ಓರೆ ಮಾಡಿ, ಮೆಲ್ಲನೆ ಹೊರಳಿಸಿ. ಗೆರೆ ಒಂದೇ ಸಮನೆ ಸರಿಯುತ್ತ ಹೋದರೆ ಮೈ ಸಮವಾಗಿದೆ. ಎಲ್ಲಾದರೂ ಅದು ಬಳುಕಿದರೆ, ಕತ್ತರಿಸಿದಂತೆ ಕಂಡರೆ ಅಥವಾ ಒಂದು ಕಡೆ ಊದಿಕೊಂಡರೆ ಅಲ್ಲಿ ತಗ್ಗೋ ಉಬ್ಬೋ ಇದೆ. ಮಂದ ಮೈಯ ಮೇಲೆ ಬಿಂಬ ಕಾಣುವುದಿಲ್ಲ. ಅದಕ್ಕೆ ಸೋಪುನೀರು ಬಳಿದು, ಒದ್ದೆ ಇರುವಾಗಲೇ ನೋಡಬೇಕು. ಕೈಗೆ ನಯವಾಗಿ ತೋರುವ ರೆಕ್ಕೆಯಲ್ಲೂ ಈ ಪರೀಕ್ಷೆ ಏರಿಳಿತಗಳನ್ನು ತೋರಿಸಿಕೊಡುತ್ತದೆ.

ಮೇಲ್ಮೈ ಮತ್ತು ಕೆಳಮೈಗಳಲ್ಲಿ ಯಾವುದಕ್ಕೆ ಹೆಚ್ಚು ಗಮನ ಕೊಡಬೇಕು? ಮುಂದಿನ ದೊಡ್ಡ ರೆಕ್ಕೆಯಲ್ಲಿ ಕಡಿಮೆ ಒತ್ತಡ ಉಂಟಾಗುವುದು ಮೇಲ್ಮೈಯಲ್ಲಿ, ಆದ್ದರಿಂದ ಅದರ ಮುಂಭಾಗದ ಮೂರನೇ ಒಂದು ಪಾಲು ಅತಿ ಸೂಕ್ಷ್ಮ. ಹಿಂದಿನ ಸಣ್ಣ ರೆಕ್ಕೆ ಸಾಮಾನ್ಯವಾಗಿ ಕೆಳಮುಖವಾಗಿ ಒತ್ತುವಂತೆ ಜೋಡಿಸಲ್ಪಟ್ಟಿರುವುದರಿಂದ ಅಲ್ಲಿ ಲೆಕ್ಕ ತಿರುವುಮುರುವಾಗುತ್ತದೆ, ಅದರ ಕೆಳಮೈಗೇ ಹೆಚ್ಚು ಆರೈಕೆ ಬೇಕು. ಎರಡು ರೆಕ್ಕೆಗಳಿಗೂ ಮೇಲ್ಮೈಯನ್ನಷ್ಟೇ ಉಜ್ಜಿ ತೃಪ್ತರಾಗುವವರು ಈ ವಿಷಯವನ್ನು ಮರೆಯುತ್ತಾರೆ.

ಗಾಯ ತುಂಬುವುದು

ಕಾರ್ಬನ್ ನಾರು ಮುರಿದಿದ್ದರೆ, ರೆಕ್ಕೆಯನ್ನು ಬಾಗಿಸಿದಾಗ ಕಿರುಗುಟ್ಟಿದರೆ ಅಥವಾ ಬಿರುಕಿನಿಂದ ನೀರು ಒಸರುತ್ತಿದ್ದರೆ, ಅದು ಮೈ ಹದಗೊಳಿಸುವ ಕೆಲಸವಲ್ಲ. ಅಂತಹ ರೆಕ್ಕೆಯನ್ನು ಕಾಂಪೋಸಿಟ್ ದುರಸ್ತಿ ಬಲ್ಲವರಿಗೇ ಒಪ್ಪಿಸಬೇಕು. ಇಲ್ಲಿ ಹೇಳುವುದು ಚಕ್ಕೆ ಎದ್ದ ಜಾಗ ಮತ್ತು ಮೇಲುಮೇಲಿನ ಕಚ್ಚುಗಳ ಬಗ್ಗೆ ಮಾತ್ರ.

ಗಾಯದ ಒಳಭಾಗವನ್ನು ಪಿ 180 ಎಮರಿ ಕಾಗದದಿಂದ (ಪಿ ಮುಂದಿನ ಸಂಖ್ಯೆ ದೊಡ್ಡದಾದಷ್ಟೂ ಕಾಗದ ನಯ) ಒರಟು ಮಾಡಿ, ಧೂಳು ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಜಿಡ್ಡು ಹೋಗಿದೆಯೇ ಎಂದು ತಿಳಿಯಲು ಶುದ್ಧ ನೀರು ಸುರಿದು ನೋಡಬಹುದು. ನೀರು ಒಡೆಯದೆ ಹಾಳೆಯಂತೆ ಹರಡಿದರೆ ಮೈ ಶುದ್ಧ, ಹನಿಯಾಗಿ ಸರಿದರೆ ಜಿಡ್ಡು ಇನ್ನೂ ಇದೆ. ನೀರು ಹರಡುವ ಗುಣ ವೇಗಕ್ಕೆ ನೆರವಾಗದಿದ್ದರೂ ಅಂಟಿಗೆ ನೆರವಾಗುತ್ತದೆ. ಪೂರ್ತಿ ಒಣಗಿದ ಮೇಲೆಯೇ ಮುಂದಿನ ಹೆಜ್ಜೆ.

ಎಪಾಕ್ಸಿ ಮತ್ತು ಹಾರ್ಡನರ್‌ಗಳನ್ನು ತಯಾರಕರು ಹೇಳಿದ ಅನುಪಾತದಲ್ಲಿ ತಕ್ಕಡಿಯಲ್ಲೇ ತೂಗಿ ಬೆರೆಸಬೇಕು. ಸಣ್ಣ ಪ್ರಮಾಣದಲ್ಲಿ ಕಣ್ಣಂದಾಜು ನಡೆಯದು. ಅದಕ್ಕೆ ಸಿಲಿಕಾ ಪುಡಿ ಸೇರಿಸಿ, ಚಮಚದಿಂದ ಇಳಿಯದಷ್ಟು ಗಟ್ಟಿ ಮಾಡಿ. ಮೈಕ್ರೋಬಲೂನ್ ಎಂದು ಸಿಗುವ ಹಗುರವಾದ ಪುಡಿ ಉಜ್ಜಲು ಸುಲಭ, ಆದರೆ ಅದರಿಂದ ಮಾಡಿದ ಅಂಚು ಮುಂದಿನ ಮರಳದಿಣ್ಣೆಗೇ ಮತ್ತೆ ಕಿತ್ತುಬರುತ್ತದೆ. ಕಾರಿನ ಗ್ಯಾರೇಜಿನ ಪಾಲಿಯೆಸ್ಟರ್ ಪುಟ್ಟಿಯನ್ನೂ ನಾನು ಸಲಹೆ ಮಾಡುವುದಿಲ್ಲ, ನಿತ್ಯ ನೀರಿನಲ್ಲಿರುವ ಎಪಾಕ್ಸಿ ಮೈಗೆ ಅದು ಎಪಾಕ್ಸಿಯಷ್ಟು ಚೆನ್ನಾಗಿ ಕಚ್ಚಿಕೊಳ್ಳುವುದಿಲ್ಲ.

ಗಾಯವನ್ನು ಸುತ್ತಲಿನ ಮೈಗಿಂತ ಸ್ವಲ್ಪ ಎತ್ತರಕ್ಕೆ ತುಂಬಿ, ಮೇಲೆ ಒಎಚ್‌ಪಿ ಹಾಳೆಯಂತಹ ಪಾರದರ್ಶಕ ಪ್ಲಾಸ್ಟಿಕ್ಕನ್ನು ಮುಂದಿನ ಅಂಚಿನ ಸುತ್ತ ಬಿಗಿಯಾಗಿ ಸುತ್ತಿ, ಎರಡೂ ಕಡೆ ಟೇಪು ಹಚ್ಚಿ. ಹಾಳೆ ಅಂಚಿನ ಸಹಜ ಬಾಗನ್ನೇ ಹಿಡಿಯುವುದರಿಂದ ಎಪಾಕ್ಸಿಯೂ ಅದೇ ರೂಪದಲ್ಲಿ ಗಟ್ಟಿಯಾಗುತ್ತದೆ, ಉಜ್ಜುವ ಕೆಲಸ ಬಹಳಷ್ಟು ತಗ್ಗುತ್ತದೆ. ಗುಳ್ಳೆಗಳು ಕಂಡರೆ ಬೆರಳಿನಿಂದ ಬದಿಗೆ ಸರಿಸಿ. ಒಂದು ಇಡೀ ದಿನ ಮುಟ್ಟದೆ ಬಿಡಿ.

ದೊಡ್ಡ ಕಚ್ಚಿನಲ್ಲಿ ಮೂಲ ಆಕಾರ ಯಾವುದಿತ್ತು ಎಂಬುದೇ ಪ್ರಶ್ನೆಯಾಗುತ್ತದೆ. ಉತ್ತರ ರೆಕ್ಕೆಯ ಇನ್ನೊಂದು ಅರ್ಧದಲ್ಲಿದೆ. ನಡುಭಾಗದಿಂದ ಅಷ್ಟೇ ದೂರದಲ್ಲಿರುವ ಗಾಯವಿಲ್ಲದ ಜಾಗಕ್ಕೆ ಗಟ್ಟಿ ರಟ್ಟನ್ನು ಸರಿಯಾಗಿ ಕೂರುವಂತೆ ಕತ್ತರಿಸಿ, ಅದನ್ನು ಮಗುಚಿ ಗಾಯದ ಜಾಗಕ್ಕೆ ಹಿಡಿದರೆ, ಎಲ್ಲಿ ಹೆಚ್ಚಿದೆ, ಎಲ್ಲಿ ಕಡಿಮೆಯಿದೆ ಎಂಬುದು ಬೆಳಕಿನ ಸಂದಿಯಲ್ಲಿ ಕಾಣುತ್ತದೆ.

ಉಜ್ಜುವುದು

ಕಾರ್ಬನ್ ಮತ್ತು ಎಪಾಕ್ಸಿಯ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಆದ್ದರಿಂದ ಉಜ್ಜುವುದನ್ನೆಲ್ಲ ನೀರು ಹಾಕಿಯೇ ಮಾಡಬೇಕು. ಒಣಗಿಸಿ ಉಜ್ಜಲೇಬೇಕಾದಾಗ ಒಳ್ಳೆಯ ಮಾಸ್ಕ್ ಇರಲಿ. ಕೈಗವಸು ಎರಡೂ ಸಂದರ್ಭಕ್ಕೆ ಬೇಕು. ವಾಹನಗಳಿಗೆ ಬಣ್ಣ ಹೊಡೆಯುವವರು ಬಳಸುವ ವಾಟರ್ ಪೇಪರ್ ಇದಕ್ಕೆ ಸರಿಯಾದದ್ದು, ಬಕೆಟ್ ನೀರಿಗೆ ಒಂದೆರಡು ಹನಿ ಸೋಪು ಹಾಕಿದರೆ ಕಾಗದ ಬೇಗ ಕಟ್ಟಿಕೊಳ್ಳುವುದಿಲ್ಲ.

ಕಾಗದವನ್ನು ಬೆರಳ ತುದಿಯಿಂದ ಒತ್ತಿ ಉಜ್ಜುವುದು ಅತ್ಯಂತ ಸಾಮಾನ್ಯ ದೋಷ. ಬೆರಳು ಒತ್ತಿದ ಕಡೆ ಹೆಚ್ಚು ಸವೆದು ಉದ್ದುದ್ದ ತಗ್ಗುಗಳು ಬೀಳುತ್ತವೆ, ಕೈಗೆ ಅವು ತಿಳಿಯುವುದಿಲ್ಲ, ಟ್ಯೂಬ್‌ಲೈಟಿನ ಗೆರೆಗೆ ತಿಳಿಯುತ್ತದೆ. ಎರಡು, ಮೂರು ಮಿ.ಮೀ. ದಪ್ಪದ ಅಕ್ರಿಲಿಕ್ ಪಟ್ಟಿಗೆ ಕಾಗದವನ್ನು ಅಂಟಿಸಿಕೊಳ್ಳಿ. ರೆಕ್ಕೆಯ ಬಾಗಿಗೆ ತಕ್ಕಂತೆ ಅದು ಬಾಗುತ್ತದೆ, ಆದರೆ ಸಣ್ಣ ತಗ್ಗುಗಳೊಳಗೆ ಇಳಿಯುವುದಿಲ್ಲ. ಮೊದಲು ಮೈತುಂಬ ಪೆನ್ಸಿಲ್ಲಿನಿಂದ ಅಡ್ಡಾದಿಡ್ಡಿ ಗೆರೆ ಎಳೆದುಕೊಳ್ಳಿ. ಉಜ್ಜುತ್ತ ಹೋದಂತೆ ಎತ್ತರದ ಜಾಗದ ಗೆರೆಗಳು ಅಳಿದು, ತಗ್ಗಿನವು ಉಳಿಯುತ್ತವೆ. ಗೆರೆ ಉಳಿದ ತಗ್ಗನ್ನು ಉಜ್ಜಿ ಸಮ ಮಾಡಲು ಹೋದರೆ ಸುತ್ತಲಿನದೆಲ್ಲ ಸವೆಯುತ್ತದೆ, ಅದನ್ನು ಎಪಾಕ್ಸಿಯಿಂದ ತುಂಬಿ ಸಮ ಮಾಡುವುದೇ ಸರಿ.

ತುಂಬಿದ ಜಾಗಕ್ಕೆ ಮಾತ್ರ ಪಿ 240 ಬಳಸಿ. ಇಡೀ ರೆಕ್ಕೆಗೆ ಪಿ 400ರಿಂದ ಶುರು ಮಾಡಿ, ರೆಕ್ಕೆಯ ಉದ್ದಕ್ಕೆ ಓರೆಯಾಗಿ ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ಉಜ್ಜಿ. ಪಿ 600ರಲ್ಲಿ ಅದೇ ರೀತಿ ಮುಂದುವರಿದು, ಪಿ 800ಕ್ಕೆ ಬಂದಾಗ ನೀರು ಹರಿಯುವ ದಿಕ್ಕಿನಲ್ಲೇ, ಅಂದರೆ ಮುಂದಿನ ಅಂಚಿನಿಂದ ಹಿಂದಿನ ಅಂಚಿನ ಕಡೆಗೆ ಉಜ್ಜಿ ಮುಗಿಸಿ. ಪಿ 400ರ ಕಣದ ಸರಾಸರಿ ಗಾತ್ರ ಸುಮಾರು 35 ಮೈಕ್ರಾನ್, ಪಿ 800ರದ್ದು 22, ಪಿ 1200ರದ್ದು 15, ಪಿ 2000ದ್ದು 10. ಕಣ ಪೂರ್ತಿಯಾಗಿ ಮೈಯೊಳಗೆ ಇಳಿಯುವುದಿಲ್ಲವಾದ್ದರಿಂದ ಗೀರಿನ ಆಳ ಕಣದ ಗಾತ್ರದ ಒಂದು ಸಣ್ಣ ಪಾಲು ಮಾತ್ರ. ಮೇಲೆ ಹೇಳಿದ 15 ಮೈಕ್ರಾನ್ ಮಿತಿಗೆ ಹೋಲಿಸಿದರೆ ಪಿ 800 ಮುಗಿಯುವ ಹೊತ್ತಿಗೆ ನಾವು ಆರಾಮವಾಗಿ ಒಳಗಿರುತ್ತೇವೆ. ಸೆಕೆಂಡಿಗೆ 10 ಮೀಟರ್ ಮೀರಿ ಓಡಿಸುವವರು ಪಿ 1200ಕ್ಕೆ ಅಥವಾ ಪಿ 1500ಕ್ಕೆ ಹೋಗಲಿ. ಅದರಾಚೆಗೆ ರಬ್ಬಿಂಗ್ ಕಾಂಪೌಂಡ್ ಹಚ್ಚಿ ಬಫಿಂಗ್ ಮಾಡುವುದು ಫೋಟೋಕ್ಕೆ ಚೆಂದ. ಒಂದು ಸಣ್ಣ ಅನುಕೂಲವೂ ಅದರಲ್ಲಿದೆ ಎನ್ನಬೇಕು: ಹೊಳೆಯುವ ಮೈಮೇಲೆ ಹೊಸ ಗಾಯ ಬೇಗ ಕಣ್ಣಿಗೆ ಬೀಳುತ್ತದೆ, ಪಾಚಿಯೂ ಸುಲಭವಾಗಿ ಒರೆಸಿ ಹೋಗುತ್ತದೆ.

ಮುಂದಿನ ಅಂಚಿನ ಮೂಗನ್ನು ಮಾತ್ರ ಪಟ್ಟಿಯಿಂದ ಉದ್ದುದ್ದಕ್ಕೆ ಉಜ್ಜಬಾರದು. ಅಲ್ಲಿ ಸಪಾಟು ಮುಖ ಬಿದ್ದರೆ ಅದರ ಎರಡೂ ಬದಿಯ ಏಣುಗಳಲ್ಲಿ ನೀರಿನ ಒತ್ತಡ ಹಠಾತ್ತಾಗಿ ಕುಸಿಯುತ್ತದೆ, ಗಾಯಕ್ಕಿಂತ ದುರಸ್ತಿಯೇ ದುಬಾರಿಯಾಗುತ್ತದೆ. ಮೆತ್ತನೆಯ ಸ್ಪಂಜಿಗೆ ಕಾಗದ ಸುತ್ತಿ, ಕೆಳಮೈಯಿಂದ ಮೂಗನ್ನು ಬಳಸಿ ಮೇಲ್ಮೈಗೆ ಹೊರಳಿಸುತ್ತ, ಎಡ ಬಲ ಅರ್ಧಗಳಿಗೆ ಸಮನಾಗಿ ಕೈ ಆಡಿಸಿ. ಆಗಾಗ ರಟ್ಟಿನ ಅಚ್ಚು ಹಿಡಿದು ನೋಡಿ. ಅತಿ ವೇಗದ ರೆಕ್ಕೆಗಳಲ್ಲಿ ಈ ಎಚ್ಚರಿಕೆಗೆ ಇನ್ನೊಂದು ಕಾರಣವೂ ಇದೆ. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ನೀರಿನ ಚಲನ ಒತ್ತಡ ವಾತಾವರಣದ ಒತ್ತಡವನ್ನೇ ಮೀರುತ್ತದೆ. ಆಗ ಚೂಪಾದ ಏಣೊಂದರ ಮೇಲೆ ಒತ್ತಡ ಇನ್ನಷ್ಟು ಕುಸಿದರೆ ನೀರು ಅಲ್ಲಿಯೇ ಆವಿಯಾಗಿ ಗುಳ್ಳೆ ಕಟ್ಟಬಹುದು. ಕ್ಯಾವಿಟೇಶನ್ ಎನ್ನುವುದು ಇದನ್ನೇ.

ಉಜ್ಜುವಾಗ ಹರಿದುಬರುವ ನೀರಿನ ಬಣ್ಣದ ಮೇಲೆ ಕಣ್ಣಿರಲಿ. ಹಾಲಿನಂತೆ ಬೆಳ್ಳಗೆ ಬರುತ್ತಿದ್ದರೆ ಮೇಲಿನ ಪಾರದರ್ಶಕ ಲೇಪ ಸವೆಯುತ್ತಿದೆ ಎಂದರ್ಥ. ಬೂದಿ ಬಣ್ಣಕ್ಕೆ ತಿರುಗಿ ಕಪ್ಪಾಗತೊಡಗಿದರೆ ಕಾಗದ ಕಾರ್ಬನ್ ನಾರನ್ನು ಮುಟ್ಟಿದೆ. ಕೂಡಲೇ ನಿಲ್ಲಿಸಿ, ಆ ಜಾಗಕ್ಕೆ ತೆಳುವಾಗಿ ಎಪಾಕ್ಸಿ ಬಳಿದು ಮುಚ್ಚಬೇಕು. ನಾರು ಸವೆದಷ್ಟೂ ರೆಕ್ಕೆಯ ಬಲ ಕುಗ್ಗುತ್ತದೆ, ನಯದಿಂದ ಬರುವ ಲಾಭಕ್ಕೆ ಅಷ್ಟು ಬೆಲೆ ತೆರಬೇಕಾಗಿಲ್ಲ.

ಅಲ್ಯೂಮಿನಿಯಂ ಮಾಸ್ಟ್ (ಬೋರ್ಡಿನಿಂದ ನೀರಿಗಿಳಿಯುವ ಕಂಬ) ಮತ್ತು ಫ್ಯೂಸಲಾಜ್‌ಗಳನ್ನು (ಮುಂದಿನ, ಹಿಂದಿನ ರೆಕ್ಕೆಗಳನ್ನು ಜೋಡಿಸುವ ದಂಡ) ಉಜ್ಜಲೇಬಾರದು. ಅವುಗಳ ಮೇಲಿನ ಆನೊಡೈಸಿಂಗ್ ಎಂಬ ರಕ್ಷಣೆಯ ಪದರ ಕೆಲವೇ ಮೈಕ್ರಾನ್‌ಗಳಷ್ಟು ದಪ್ಪವಿದ್ದು, ಅದು ಹೋದರೆ ಉಪ್ಪುನೀರು ಲೋಹವನ್ನು ತಿನ್ನತೊಡಗುತ್ತದೆ. ಎದ್ದುನಿಂತ ಚೂಪನ್ನು ಮಾತ್ರ ಪಿ 800ರಿಂದ ಸವರಿ ತೆಗೆದರೆ ಸಾಕು. ಮಾಸ್ಟಿನ ಮುಂದಿನ ಅಂಚಿನಲ್ಲಿ, ನೀರಿನ ಮಟ್ಟದ ಆಸುಪಾಸಿನಲ್ಲಿರುವ ಕಚ್ಚನ್ನು ಮಾತ್ರ ಕಡೆಗಣಿಸಬೇಡಿ. ಅಲ್ಲಿ ಹರಿವು ಮೈಬಿಟ್ಟರೆ ಮೇಲಿನಿಂದ ಗಾಳಿ ಮಾಸ್ಟಿನ ಗುಂಟ ಕೆಳಗಿಳಿದು ರೆಕ್ಕೆಯನ್ನು ಸೇರಬಹುದು. ಗಾಳಿ ಸೇರಿದ ರೆಕ್ಕೆಯ ಎತ್ತುಬಲ ಒಮ್ಮೆಲೇ ಕುಸಿದು, ಸವಾರ ನೀರಿಗೆ ಬೀಳುತ್ತಾನೆ.

ಹಿಂದಿನ ಅಂಚು

ಹಿಂದಿನ ಅಂಚಿನ ಕೆಲಸ ನಯದ್ದಲ್ಲ, ಆಕಾರದ್ದು. ಅಂಚು ದಪ್ಪವಾಗಿದ್ದರೆ ಅಥವಾ ಸವೆದು ದುಂಡಗಾಗಿದ್ದರೆ ಅದರ ಎರಡೂ ಬದಿಯಿಂದ ಸುಳಿಗಳು ಸರದಿಯಂತೆ ಕಳಚಿಕೊಳ್ಳುತ್ತವೆ, ರೆಕ್ಕೆ ಗುಂಯ್‌ಗುಡುತ್ತದೆ. ಆ ಸದ್ದಿನ ಸ್ಥಾಯಿಯನ್ನು ಅಂದಾಜು ಮಾಡಬಹುದು: ವೇಗದ ಐದನೇ ಒಂದು ಪಾಲನ್ನು ಅಂಚಿನ ದಪ್ಪದಿಂದ ಭಾಗಿಸಬೇಕು. ಸೆಕೆಂಡಿಗೆ 6 ಮೀಟರ್ ವೇಗ, ಒಂದು ಮಿ.ಮೀ. ದಪ್ಪ ಎಂದರೆ ಸುಮಾರು 1,200 ಹರ್ಟ್ಸ್, ಕಿವಿಗೆ ಸ್ಪಷ್ಟವಾಗಿ ಕೇಳುವಂಥದ್ದು. ವೇಗ ಹೆಚ್ಚಿದಂತೆ ಸದ್ದು ಏರುತ್ತ ಹೋಗಿ ಒಂದು ವೇಗದಲ್ಲಿ ಜೋರಾದರೆ, ಆ ಸುಳಿಗಳ ತಾಳಕ್ಕೆ ರೆಕ್ಕೆಯೂ ಕಂಪಿಸುತ್ತಿದೆ ಎಂದು ತಿಳಿಯಬೇಕು.

ಪರಿಹಾರ ಸುಲಭ. ಗಟ್ಟಿ ಮರದ ತುಂಡಿಗೆ ಪಿ 400 ಕಾಗದ ಸುತ್ತಿ, ಅಂಚಿನ ಒಂದು ಬದಿಯನ್ನು ಮಾತ್ರ 30ರಿಂದ 45 ಡಿಗ್ರಿ ಓರೆಯಾಗಿ, ಇಡೀ ಉದ್ದಕ್ಕೂ ಒಂದೇ ಕೋನದಲ್ಲಿ ತೆಳುವಾಗಿ ಸವೆಸಿ. ಎರಡು ಬದಿಯ ಸುಳಿಗಳು ಒಂದೇ ಜಾಗದಿಂದ ಹುಟ್ಟದಂತಾದಾಗ ಅವುಗಳ ಜತೆಗಾರಿಕೆ ತಪ್ಪಿ ಸದ್ದು ಅಡಗುತ್ತದೆ. ಒಮ್ಮೆಗೇ ಹೆಚ್ಚು ತೆಗೆಯದೆ, ಸ್ವಲ್ಪ ಸವೆಸಿ, ನೀರಿಗಿಳಿದು ಕೇಳಿ, ಬೇಕಾದರೆ ಮತ್ತೆ ಸವೆಸಿ. ಅಂಚನ್ನು ಚಾಕುವಿನಷ್ಟು ಹರಿತ ಮಾಡಬೇಡಿ. ಬಿದ್ದಾಗ ಕಾಲು ಕೊಯ್ಯುವ ಭಾಗ ಅದೇ. ಅರ್ಧ ಮಿ.ಮೀ. ಆಸುಪಾಸು ಉಳಿಸಿಕೊಳ್ಳುವುದು ಕ್ಷೇಮ.

ಜೋಡಣೆ ಮತ್ತು ಆಮೇಲಿನ ಆರೈಕೆ

ರೆಕ್ಕೆಯ ಮೇಲಿನ ಲೋಗೋ ಸ್ಟಿಕ್ಕರುಗಳು ಮುಂಭಾಗದಲ್ಲಿದ್ದರೆ ಕಿತ್ತುಹಾಕಿ, ಅವುಗಳ ಅಂಚಿನ ಎತ್ತರವೇ ಹರಿವನ್ನು ಕದಡಲು ಸಾಕಾಗಬಹುದು. ಇದೇ ಕಾರಣಕ್ಕೆ ಮುಂದಿನ ಅಂಚಿಗೆ ರಕ್ಷಣೆಯೆಂದು ಟೇಪು ಹಚ್ಚುವುದು ತಪ್ಪು. ಸಾಮಾನ್ಯ ಇನ್ಸುಲೇಷನ್ ಟೇಪಿನ ದಪ್ಪ ಸುಮಾರು 0.13 ಮಿ.ಮೀ., ನಮ್ಮ 0.1 ಮಿ.ಮೀ. ಮಿತಿಗಿಂತ ಹೆಚ್ಚು. ರೆಕ್ಕೆ ಮತ್ತು ಫ್ಯೂಸಲಾಜ್ ಕೂಡುವ ಕಡೆಯ ಮೆಟ್ಟಿಲು, ಸ್ಕ್ರೂ ತಲೆಗಳ ಗುಳಿ ಇವು ಸಣ್ಣ ವಿಷಯಗಳು. ಸ್ಕ್ರೂ ಗುಳಿಗಳನ್ನು ಓಟದ ದಿನ ಮೇಣದ ಉಂಡೆಯಿಂದ ತುಂಬಿ ಸವರಿಕೊಳ್ಳುವವರಿದ್ದಾರೆ, ಅದರಲ್ಲಿ ತಪ್ಪೇನಿಲ್ಲ.

ಹದಗೊಳಿಸಿದ ಮೇಲೆ ವೇಗ ಹೆಚ್ಚಿದೆಯೇ ಎಂದು ಅಳೆಯುವುದು ಕಷ್ಟ, ಏಕೆಂದರೆ ಗಾಳಿ ಎರಡು ದಿನ ಒಂದೇ ರೀತಿ ಬೀಸುವುದಿಲ್ಲ, ಮತ್ತು ಹೊಸದಾಗಿ ಉಜ್ಜಿದ ರೆಕ್ಕೆ ವೇಗವಾಗಿದೆ ಎಂದು ನಂಬಲು ಮನಸ್ಸು ಸದಾ ಸಿದ್ಧವಾಗಿರುತ್ತದೆ. ನಂಬಬಹುದಾದ ಪರೀಕ್ಷೆಯೆಂದರೆ ಶಾಂತ ನೀರಿನಲ್ಲಿ ದೋಣಿಯಿಂದ ಎಳೆಸಿಕೊಳ್ಳುವುದು. ಹಗ್ಗದ ನಡುವೆ ಲಗೇಜು ತೂಗುವ ಡಿಜಿಟಲ್ ತಕ್ಕಡಿ ಕಟ್ಟಿ, ಜಿಪಿಎಸ್‌ನಲ್ಲಿ ಒಂದೇ ವೇಗ ಹಿಡಿದು, ಎರಡೂ ದಿಕ್ಕಿನಲ್ಲಿ ಓಡಿಸಿ, ಉಜ್ಜುವ ಮೊದಲಿನ ಮತ್ತು ಆಮೇಲಿನ ಅಳತೆಗಳ ಸರಾಸರಿಯನ್ನು ಹೋಲಿಸಬೇಕು. 6 ನ್ಯೂಟನ್ ಎಂದರೆ ತಕ್ಕಡಿಯಲ್ಲಿ ಸುಮಾರು 600 ಗ್ರಾಂ. ಸವಾರ ಅಲುಗಾಡದೆ ಒಂದೇ ಎತ್ತರದಲ್ಲಿ ನಿಂತರೆ ಅಷ್ಟು ವ್ಯತ್ಯಾಸ ಗೊತ್ತಾಗುತ್ತದೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಅಂಗವಾಗಿ ಮಾರ್ಸೇನಲ್ಲಿ ನಡೆದ ಐಕ್ಯೂಫಾಯಿಲ್ (ವಿಂಡ್‌ಸರ್ಫ್ ಫಾಯಿಲ್) ಮತ್ತು ಫಾರ್ಮುಲಾ ಕೈಟ್ (ಕೈಟ್ ಫಾಯಿಲ್) ಸ್ಪರ್ಧೆಗಳಂತಹ ಕಡೆ ರೆಕ್ಕೆಯನ್ನು ಎಷ್ಟು ಉಜ್ಜಬಹುದು, ಯಾವುದನ್ನು ದುರಸ್ತಿ ಎಂದು ಒಪ್ಪುತ್ತಾರೆ ಎಂಬುದು ಆಯಾ ವರ್ಗದ ನಿಯಮಗಳಿಗೆ ಬಿಟ್ಟದ್ದು. ಸ್ಪರ್ಧೆಗೆ ಇಳಿಯುವವರು ಕಾಗದ ಕೈಗೆತ್ತಿಕೊಳ್ಳುವ ಮೊದಲು ಆ ನಿಯಮಗಳನ್ನು ಓದಬೇಕು, ಹಿಂದಿನ ಅಂಚನ್ನು ಸವೆಸುವ ಮೊದಲಂತೂ ಖಂಡಿತವಾಗಿ.

ದಿನದ ಆಟ ಮುಗಿದ ಮೇಲೆ ರೆಕ್ಕೆಯನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಚೀಲಕ್ಕೆ ಹಾಕುವ ಮುಂಚೆ ಚೀಲವನ್ನು ಒಳಮಗ್ಗುಲು ಹೊರಗೆ ಮಾಡಿ ಕೊಡವಿಕೊಳ್ಳಿ. ಅದರ ಮೂಲೆಯಲ್ಲಿ ಉಳಿದ ಮರಳು ಪ್ರಯಾಣದುದ್ದಕ್ಕೂ ರೆಕ್ಕೆಯನ್ನು ಉಜ್ಜುತ್ತಿರುತ್ತದೆ, ಅದೂ ಪಿ 120ಕ್ಕಿಂತ ಒರಟಾಗಿ.